ಕೃದಂತ ಭಾವನಾಮ

ವಿದ್ಯಾನಗರದ ಕೋರ್ಟಿನ ಎರಡನೇ ಮಾಳಿಗೆಯಲ್ಲಿ
ನನ್ನದು ಭಾಷಾಂತರದ ಮೇಜು. ಒಂದು ಕಾಲು ಗಿಡ್ಡ,
ಹಳೆಯ ಗಜೆಟ್ಟು ಮಡಚಿ ಅಡಿಗೆ ಇಟ್ಟಿದ್ದೇನೆ.
ಕನ್ನಡದಲ್ಲಿ ಬಂದ ದೂರು ಇಲ್ಲಿಂದ ಮಲಯಾಳಕ್ಕೆ ಹೋಗಬೇಕು,
ಗಡಿಯ ಗೇಟಿನಲ್ಲಿ ಗೋಣಿ ಬಿಚ್ಚಿ ತೋರಿಸುವ ಹಾಗೆ
ಒಂದೊಂದೇ ಮಾತು ಬಿಚ್ಚಿ.

ಇವತ್ತಿನದು ಬಾಗಿಯ ಮಾನನಷ್ಟ.
ನೀರ್ಚಾಲಿನ ರೇಶನ್ ಅಂಗಡಿಯ ಸಾಲಿನಲ್ಲಿ
ಸೀಮೆಎಣ್ಣೆ ಡಬ್ಬಿ ಹಿಡಿದು ನಿಂತಿದ್ದಾಗ
ನೆರೆಮನೆಯ ಬಟ್ಯಪ್ಪ ಹನ್ನೊಂದು ಜನರೆದುರು ಕರೆದನಂತೆ ಅವಳನ್ನು,
ಅವನ ಪಂಪು ಮೂರನೇ ಸಲ ಸುಟ್ಟ ಮಾರನೇ ದಿನ.
ಕರೆದದ್ದು ಒಂದೇ ಮಾತು.
ಸಾಕ್ಷಿಗಳ ಕಿವಿಯಲ್ಲಿ ಅದು ಮರಿ ಹಾಕಿದೆ.

ಕುಂಞಂಬು ಹೇಳಿದ: ಕೂಡೋತ್ರಕ್ಕಾರಿ.
ಬೀಫಾತುಮ್ಮ: ಸಿಹ್ರ್ ಮಾಡುವವಳು, ತೌಬಾ ತೌಬಾ.
ಅಂಗಡಿಯ ದೂಮಣ್ಣ ತುಳುವಿನಲ್ಲೇ: ಮಾಟ ಮಲ್ಪುನಾಳ್.
ದೂರಿನಲ್ಲಿ, ಟೈಪಿಸ್ಟನ ಮಸುಕು ಶಾಯಿಯಲ್ಲಿ: ಮಾಟಗಾತಿ.

ಮಂತ್ರವಾದಿನಿ ಎಂದು ಬರೆದು ಮುಗಿಸೋಣವೇ?
ಆಗದು. ಮಂತ್ರವಾದಿಗೆ ಇಲ್ಲಿ ಬೋರ್ಡು ಉಂಟು, ಟೋಕನ್ ಉಂಟು,
ಮಂಗಳವಾರ ರಜೆ ಉಂಟು.
ತಲಪಾಡಿ ದಾಟಿದರೆ ನಮ್ಮ ಸೀಮೆಯೇ ಜಾಹೀರಾತು:
'ಕೇರಳದ ಮಾಂತ್ರಿಕರು, ಒಂದೇ ಫೋನಿನಲ್ಲಿ ಪರಿಹಾರ.'
ರೈಲಿನ ಕಕ್ಕಸಿನ ಬಾಗಿಲಿಗೂ ಅಂಟಿಸಿರುತ್ತಾರೆ.
ಗಂಡಸಿಗೆ ಹೇಳಿದರೆ ಉದ್ಯೋಗ.
ಹೆಂಗಸಿಗೆ ಹೇಳಿದರೆ ರಾತ್ರಿ ಹಂಚಿನ ಮೇಲೆ ಕಲ್ಲು.

ಅಕ್ಕನ ಮಗಳು ಕಾಞಂಗಾಡಿನ ಹಾಸ್ಟೆಲಿನಲ್ಲಿ
ಹುಣ್ಣಿಮೆಗೆ ಮೇಣದ ಬತ್ತಿ ಹಚ್ಚುತ್ತಾಳೆ,
ಉಪ್ಪಿನಕಾಯಿ ಕುಪ್ಪಿಯಲ್ಲಿ ದಾಲ್ಚಿನ್ನಿ ತುಂಬಿಡುತ್ತಾಳೆ.
ತಾನು 'ವಿಕ್ಕನ್' ಅನ್ನುತ್ತಾಳೆ. 'ವಿಚ್' ಅಂದರೂ ಅಡ್ಡಿಯಿಲ್ಲವಂತೆ,
ಫೋನಿನಲ್ಲಿ ಹೆಸರಿನ ಪಕ್ಕ ಒಂದು ಅರ್ಧಚಂದ್ರ.
ತಾನೇ ಇಟ್ಟುಕೊಂಡರೆ ಬೊಟ್ಟು,
ಊರು ಇಟ್ಟರೆ ಬರೆ.
ಇದನ್ನು ಅವಳಿಗೆ ಹೇಳಬೇಕೆಂದಿದ್ದೆ, ಕರೆನ್ಸಿ ಮುಗಿಯಿತು.

ಶಾಲೆಯಲ್ಲಿ ಶಂಭಟ್ಟ ಮಾಸ್ಟ್ರು ಬಾಯಿಪಾಠ ಮಾಡಿಸುತ್ತಿದ್ದರು:
ಓಡಿದರೆ ಓಟ, ನೋಡಿದರೆ ನೋಟ,
ಕೂಡಿದರೆ ಕೂಟ, ಕಾಡಿದರೆ ಕಾಟ,
ಮಾಡಿದರೆ ಮಾಟ.
ಅಷ್ಟೆ. ಮಾಡುವುದು.
ಮಾಟವಾದ ಮೂಗು. ಮಾಟವಾದ ಮಡಕೆ.
ಯಾವ ಮುಸ್ಸಂಜೆ, ಯಾರ ಅಂಗಳದಲ್ಲಿ
ಆ ಮಾತಿಗೆ ಕುಂಕುಮ ಮೆತ್ತಿ ನಿಂಬೆಹಣ್ಣು ಕೊಯ್ದರೋ.

ಮತ್ತೆ ಆ 'ಗಾತಿ'.
ಸೂಲಗಿತ್ತಿಗೂ ಮಾಟಗಾತಿಗೂ ನಡುವೆ
ಒಂದು ಗುಡಿಸು, ಒಂದು ಒತ್ತು.
ಮಗು ಅತ್ತರೆ ಅದು, ಅಳದಿದ್ದರೆ ಇದು.
ಬಟ್ಯಪ್ಪನ ಹೊಕ್ಕುಳಬಳ್ಳಿ ಕೊಯ್ದದ್ದು ಬಾಗಿಯ ತಾಯಿ.
ದೂರಿನಲ್ಲಿ ಅದಿಲ್ಲ.

ಊಟದ ಹೊತ್ತಿಗೆ ಬಾಗಿಯೇ ಬಂದಳು. ಕೊಡೆ ಬಾಗಿಲಿಗೆ ಒರಗಿಸಿ
ನಿಂತೇ ಇದ್ದಳು, ಕುರ್ಚಿ ತೋರಿಸಿದರೂ.
"ನೀವೇ ಹೇಳಿ, ಅವ ಎಂತ ಕರೆದದ್ದು?"
"ಅವನ ಎಂಜಲು ನಾನು ಯಾಕೆ ಬಾಯಿಗೆ ಹಾಕಿಕೊಳ್ಳಬೇಕು?
ಆ ಪಂಪಿನ ವಯರು ಇಲಿ ತಿಂದದ್ದು. ಬೇಲಿಯಿಂದ ಕಾಣ್ತದೆ.
ಹೇಳಿದರೆ, ಇವಳಿಗೆ ಹೇಗೆ ಗೊತ್ತಾಯ್ತು ಅಂತಾನೆ."

ರುಜುವಿಗೆ ಕಾಗದ ಸರಿಸಿದೆ, ಹೆಬ್ಬೆಟ್ಟಿನ ಶಾಯಿಡಬ್ಬಿಯನ್ನೂ.
ಡಬ್ಬಿಯನ್ನು ಹಿಂದೆ ತಳ್ಳಿದಳು.
ಪೆನ್ನು ಹಿಡಿದು, ಉಸಿರೂ ಹಿಡಿದು, ಎರಡೇ ಅಕ್ಷರ.
ಬಾ ದುಂಡಗೆ, ಆಗ ತಾನೇ ಒಲೆಯಿಂದಿಳಿಸಿದ ಹಾಗೆ.
ಗಿಯ ತಲೆಯ ಮೇಲೆ ಗುಡಿಸು,
ಮಳೆಗೆ ಕೊಡೆ ಬಿಡಿಸಿದ ಹಾಗೆ.

"ಎಷ್ಟು ಮಾಟವಾದ ಅಕ್ಷರ!" ಅಂದುಬಿಟ್ಟೆ.

ಫ್ಯಾನು ಮಾತ್ರ ತಿರುಗುತ್ತಿತ್ತು.
ಪಕ್ಕದ ಮೇಜಿನ ರಮಣಿ ಮೊಸರನ್ನದಿಂದ ತಲೆಯೆತ್ತಿದಳು.
ಬಾಗಿ ನನ್ನನ್ನು ನೋಡಿದಳು, ಅಕ್ಷರವನ್ನು ನೋಡಿದಳು,
ಪೆನ್ನಿನ ಮುಚ್ಚಳ ಹುಡುಕಿ, ಹಾಕಿ, ಕೊಟ್ಟಳು.

ಮುಂದಿನ ಅವಧಿ ಹದಿನಾಲ್ಕಕ್ಕೆ.